ಸೂಪರ್ ಮಾರ್ಕೆಟ್ ಶಾಲೆಯಲ್ಲಿ ಪಂಕ್ತಿ ಊಟ

ಕಳೆದ ವಾರ ಕ್ಯಾಲಿಫೋರ್ನಿಯಾದ ಸೆರಿಟೋಸ್‌ನಲ್ಲಿ ನಮ್ಮ ಮನೆ ಹತ್ತಿರ ಹೊಸದಾಗಿ ತೆರೆದ ಸೂಪರ್ ಮಾರ್ಕೆಟ್ಟಿಗೆ ಹಾಲು ತರಲು ಹೋಗಿದ್ದೆ. ಗಾಜಿನ ಬಾಗಿಲು ತಾನಾಗಿ ಸರಿಯಿತು. ಒಳಗಿನ ತಣ್ಣನೆಯ ಗಾಳಿಯ ಜೊತೆ ಒದ್ದೆ ರಟ್ಟಿನ ಡಬ್ಬ, ನೆಲ ಒರೆಸಿದ ಲೋಷನ್, ಕಿತ್ತಳೆ ಹಣ್ಣು ಎಲ್ಲ ಸೇರಿದ ಒಂದು ವಾಸನೆ ಮೂಗಿಗೆ ಬಡಿಯಿತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಬಂದವರೊಬ್ಬರು "ಎಕ್ಸ್‌ಕ್ಯೂಸ್ ಮಿ" ಎಂದು ಎರಡು ಸಲ ಹೇಳಿ, ಕೊನೆಗೆ ಗಾಡಿಯನ್ನು ಪಕ್ಕದಿಂದ ನೂಕಿಕೊಂಡು ಹೋದರು. ಅವರಿಗೆ ಅದು ಅಂಗಡಿಯ ವಾಸನೆ. ನನಗೆ ಶಾಲೆಯ ವಾಸನೆ, ಅದೂ ನನ್ನ ಜೀವನದ ಅತ್ಯಂತ ಗಡಿಬಿಡಿಯ, ಅತ್ಯಂತ ಖುಷಿಯ ಒಂದು ವರ್ಷದ ವಾಸನೆ.

ತೊಂಬತ್ತರ ದಶಕದ ನಡುವೆ ನಾವು ಸ್ಯಾನ್ ಡಿಯಾಗೋದಲ್ಲಿದ್ದೆವು. ನನ್ನ ಗಂಡ ಗಣೇಶ್ ಟೆಲಿಕಾಂ ಕಂಪನಿಯೊಂದರಲ್ಲಿ ಎಂಜಿನಿಯರ್. ಮಗಳು ಸ್ವಾತಿ ಎರಡನೇ ಕ್ಲಾಸು. ನಾನು ಊರಲ್ಲಿ, ಉಡುಪಿ ಹತ್ತಿರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವಳು, ಬಿ.ಎಡ್. ಕೂಡ ಆಗಿತ್ತು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ವೀಸಾ ದೆಸೆಯಿಂದ ಕೆಲಸ ಮಾಡುವ ಹಾಗಿರಲಿಲ್ಲ. ಅಷ್ಟೂ ವರ್ಷ ಮಗಳಿಗೆ, ಗಂಡನಿಗೆ, ಯಾರೂ ಇಲ್ಲದಾಗ ಫ್ರಿಜ್ಜಿಗೂ ಪಾಠ ಮಾಡಿದ್ದೇನೆ. ಆ ಬೇಸಿಗೆಯಲ್ಲಿ ಗ್ರೀನ್ ಕಾರ್ಡ್ ಬಂತು. ಬಂದ ವಾರವೇ ಸ್ವಾತಿಯ ಶಾಲೆಗೆ ಹೋಗಿ, "ಏನಾದರೂ ಕೆಲಸ ಇದ್ದರೆ ಕೊಡಿ, ಏನಾದರೂ ಸರಿ" ಎಂದೆ. ಒಂದನೇ ಕ್ಲಾಸಿಗೆ ಏಡ್ ಬೇಕಾಗಿತ್ತು. ಏಡ್ ಎಂದರೆ ಟೀಚರಿಗೆ ಸಹಾಯಕಿ: ಪೆನ್ಸಿಲ್ ಚೂಪು ಮಾಡುವುದು, ಮೂಗು ಒರೆಸುವುದು, ಜಗಳ ಬಿಡಿಸುವುದು. ನಾನು ಕುಣಿದಾಡುತ್ತಾ ಸೇರಿಕೊಂಡೆ.

ಆ ಶಾಲೆ ನಡೆಯುತ್ತಿದ್ದದ್ದು ಮುಚ್ಚಿಹೋದ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ. ಅದು ಚಾರ್ಟರ್ ಸ್ಕೂಲ್. ಫೀಸಿಲ್ಲ, ನಡೆಯುವುದು ಸರ್ಕಾರದ ದುಡ್ಡಿನಲ್ಲಿ, ಆದರೆ ಎಷ್ಟು ಜನ ಟೀಚರುಗಳು, ಎಷ್ಟು ಜನ ಸಹಾಯಕರು, ಯಾರು ಯಾವ ಕೆಲಸಕ್ಕೆ ಎಂಬುದೆಲ್ಲ ಶಾಲೆಯವರೇ ಕೂತು ತೀರ್ಮಾನಿಸಬೇಕು. ನಮ್ಮಲ್ಲಿ ಜನ ಯಾವತ್ತೂ ಸಾಲುತ್ತಿರಲಿಲ್ಲ. ನಮ್ಮ ಕ್ಲಾಸಿನ ತಲೆ ಮೇಲೆ "ಸಾಸ್, ಉಪ್ಪಿನಕಾಯಿ" ಎಂಬ ಹಳೇ ಬೋರ್ಡು ಹಾಗೇ ತೂಗಾಡುತ್ತಿತ್ತು. ತೆಗೆಯಲು ಏಣಿ ಇರಲಿಲ್ಲ, ಏಣಿ ಇದ್ದರೂ ಹತ್ತಲು ಯಾರಿಗೂ ಪುರುಸೊತ್ತಿರಲಿಲ್ಲ. ನರ್ಸ್ ಬರುತ್ತಿದ್ದದ್ದು ಬುಧವಾರ ಮಾತ್ರ, ಹಾಗಾಗಿ ಮಕ್ಕಳು ಜ್ವರವನ್ನೂ ಬುಧವಾರಕ್ಕೇ ಇಟ್ಟುಕೊಳ್ಳಬೇಕಿತ್ತು. ಪ್ರಿನ್ಸಿಪಾಲ್ ಜೋನ್ ಬೆಳಿಗ್ಗೆ ಗೇಟಿನಲ್ಲಿ ನಿಂತು ಮಕ್ಕಳನ್ನು ಕಾರಿನಿಂದ ಇಳಿಸಿಕೊಂಡು, ಮಧ್ಯಾಹ್ನ ಪೊರಕೆ ಹಿಡಿಯುತ್ತಿದ್ದರು. ಎತ್ತರದ, ಜೋರು ನಗುವಿನ ಹೆಂಗಸು, ನಗುತ್ತಲೇ ಓಡುತ್ತಿದ್ದರು.

ನನ್ನ ಜೊತೆಯ ಇನ್ನೊಬ್ಬ ಏಡ್ ಲೂಪೆ. ಗಡಿಯಾಚೆ ಮೆಕ್ಸಿಕೋದ ತಿಹುವಾನಾದಲ್ಲಿ ಹುಟ್ಟಿ, ಸ್ಯಾನ್ ಡಿಯಾಗೋದಲ್ಲಿ ಬೆಳೆದವಳು. ನನಗಿಂತ ಹತ್ತು ವರ್ಷ ದೊಡ್ಡವಳು, ನನಗಿಂತ ಹತ್ತು ಪಟ್ಟು ತಾಳ್ಮೆ. ಆಟದ ಮೈದಾನದಲ್ಲಿ ಕೂಗದೆಯೇ ಮಕ್ಕಳನ್ನು ಕರೆಯುವುದು ಹೇಗೆ ಎಂದು ನನಗೆ ತೋರಿಸಿಕೊಟ್ಟವಳು ಅವಳೇ. ನಾನು ತಂದ ನೀರುದೋಸೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ನಮ್ಮ ಟೋರ್ಟಿಯಾ ರೊಟ್ಟಿಯ ಮದುವೆ ಸೀರೆ" ಎನ್ನುತ್ತಿದ್ದಳು. ಅವಳ ಗಂಡನಿಗೆ ಕಟ್ಟಡ ಕೆಲಸದಲ್ಲಿ ಬೆನ್ನು ಹೋಗಿತ್ತು. ಇಡೀ ಮನೆಯ ಹೆಲ್ತ್ ಇನ್ಶೂರೆನ್ಸ್ ನಿಂತಿದ್ದದ್ದು ಲೂಪೆಯ ಈ ಕೆಲಸದ ಮೇಲೆ.

ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೆ ಆ ಸುದ್ದಿ ಬಂತು ನೋಡಿ! ಕ್ಯಾಲಿಫೋರ್ನಿಯಾದಲ್ಲಿ ಚಿಕ್ಕ ಮಕ್ಕಳ ಕ್ಲಾಸಿನಲ್ಲಿ ಇನ್ನು ಮೇಲೆ ಒಬ್ಬ ಟೀಚರಿಗೆ ಇಪ್ಪತ್ತೇ ಮಕ್ಕಳಾದರೆ ಶಾಲೆಗೆ ಸರ್ಕಾರ ಹೆಚ್ಚಿನ ಸಹಾಯ ಕೊಡುತ್ತದಂತೆ. ನಮ್ಮ ಒಂದನೇ ಕ್ಲಾಸಿನಲ್ಲಿ ಮೂವತ್ತರ ಮೇಲೆ ಮಕ್ಕಳಿದ್ದರು. ಒಂದು ಮಗು ಟೀಚರ ಎದುರು ಪುಸ್ತಕ ಬಿಡಿಸಿ ಜೋರಾಗಿ ಓದುವ ಸರದಿ ಬರುವಷ್ಟರಲ್ಲಿ ವಾರವೇ ಕಳೆದಿರುತ್ತಿತ್ತು. ಸ್ಟಾಫ್ ರೂಮಿನಲ್ಲಿ, ಅಂದರೆ ಹಿಂದೆ ಮಾಂಸ ಇಡುತ್ತಿದ್ದ ಕೋಲ್ಡ್ ಸ್ಟೋರೇಜಿನಲ್ಲಿ, ಎಲ್ಲರೂ ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ನಿಂತ ಮೇಲೆ ಜೋನ್ ಹೇಳಿದರು, "ಸರಿ, ಈಗ ಇನ್ನೊಬ್ಬ ಟೀಚರನ್ನು ಎಲ್ಲಿಂದ ತರೋಣ?"

ಪ್ರಶ್ನೆ ಸರಿಯಾಗೇ ಇತ್ತು. ಇಡೀ ರಾಜ್ಯದ ಶಾಲೆಗಳೆಲ್ಲ ಒಂದೇ ಸಲಕ್ಕೆ ಟೀಚರುಗಳ ಬೇಟೆಗೆ ಇಳಿದಿದ್ದವು. ಬೆಳಿಗ್ಗೆ ನಮ್ಮಲ್ಲಿ ಇಂಟರ್‌ವ್ಯೂ ಮುಗಿಸಿದವರು ಸಂಜೆಗೆ ಬೇರೆ ಶಾಲೆಯವರಾಗಿರುತ್ತಿದ್ದರು. ಅಕ್ಟೋಬರ್ ಹೊತ್ತಿಗೆ ಜೋನ್ ನನ್ನನ್ನು ಮೈದಾನದ ಮೂಲೆಯಲ್ಲಿ ಹಿಡಿದರು.

"ನೀವು ಇಂಡಿಯಾದಲ್ಲಿ ಟೀಚರ್ ಆಗಿದ್ದಿರಲ್ಲವೇ?"

"ಆಗಿದ್ದೆ."

"ಡಿಗ್ರಿ ಇದೆ. ರಾಜ್ಯದ ಒಂದು ಪರೀಕ್ಷೆ ಪಾಸ್ ಮಾಡಿದರೆ ಪಾಠ ಮಾಡಲು ತಾತ್ಕಾಲಿಕ ಎಮರ್ಜೆನ್ಸಿ ಪರ್ಮಿಟ್ ಸಿಗುತ್ತದೆ. ಜನವರಿಯಲ್ಲಿ ಹೊಸ ಕ್ಲಾಸ್ ಶುರು. ಆ ಕ್ಲಾಸ್ ನಿಮ್ಮದು. ಏನು ಹೇಳುತ್ತೀರಿ?"

ನಾನು ಏನು ಹೇಳಿದೆನೋ ನೆನಪಿಲ್ಲ. ಕೈಯಲ್ಲಿದ್ದ ಸೀಟಿ ಊದಿಬಿಟ್ಟೆ ಎನ್ನುವುದು ಮಾತ್ರ ಗೊತ್ತು. ಆಡುತ್ತಿದ್ದ ಮಕ್ಕಳೆಲ್ಲ ಬಂದು ಸಾಲಾಗಿ ನಿಂತವು.

ಪರೀಕ್ಷೆ ಲಾ ಹೋಯಾದ ಯೂನಿವರ್ಸಿಟಿಯಲ್ಲಿ. ಬೆಳಿಗ್ಗೆಯೇ ಮರುಭೂಮಿ ಕಡೆಯ ಬಿಸಿಗಾಳಿ ಶುರುವಾಗಿತ್ತು, ಇಲ್ಲಿಯವರು ಸಾಂತಾ ಆನಾ ಎನ್ನುವ ಗಾಳಿ. ತುಟಿ ಒಡೆಯುತ್ತಿತ್ತು, ಕಾರಿನ ಬಾಗಿಲು ಮುಟ್ಟಿದರೆ ಕೈಗೆ ಚುರುಕ್ ಎಂದು ಶಾಕ್ ಹೊಡೆಯುತ್ತಿತ್ತು. ಗಣೇಶ್ ಕಾರು ನಿಲ್ಲಿಸಿ, "ಗಣಿತ ಹತ್ತು ನಿಮಿಷದಲ್ಲಿ ಮುಗಿಸ್ಬೇಡ, ಇವ್ರಿಗೆ ಡೌಟ್ ಬರ್ತದೆ" ಎಂದರು. ಗಣಿತ ಹತ್ತೇ ನಿಮಿಷದಲ್ಲಿ ಮುಗಿಯಿತು. ಪ್ರಬಂಧದಲ್ಲಿ ನಿಮ್ಮ ಮೇಲೆ ಪ್ರಭಾವ ಬೀರಿದ ಒಬ್ಬರ ಬಗ್ಗೆ ಬರೆಯಿರಿ ಎಂದಿದ್ದರು. ನಾನು ಲೂಪೆಯ ಬಗ್ಗೆ ಬರೆದೆ.

ನವೆಂಬರ್ ಕೊನೆಗೆ ಪಾಸ್ ಎಂದು ತಿಳಿಯಿತು. ಅವತ್ತೇ ಜೋನ್ ನನ್ನನ್ನೂ ಲೂಪೆಯನ್ನೂ ಒಟ್ಟಿಗೆ ಕರೆದು ಕೂರಿಸಿದರು. ಮುಖದಲ್ಲಿ ನಗು ಇರಲಿಲ್ಲ. ಸರ್ಕಾರ ಕೊಡುವುದು ಹೊಸ ಟೀಚರ ಸಂಬಳಕ್ಕೆ ಪೂರ್ತಿ ಸಾಲುವುದಿಲ್ಲ. ನಾನು ಟೀಚರಾದರೆ ನನ್ನ ಏಡ್ ಜಾಗ ಹೇಗೂ ಹೋಗುತ್ತದೆ, ಅದೂ ಸಾಲದೆ ಲೂಪೆಯ ಜಾಗವೂ ಹೋಗಬೇಕು. ಶಾಲೆಯ ನಿಯಮದಂತೆ ಶುಕ್ರವಾರದ ಮೀಟಿಂಗಿನಲ್ಲಿ ಎಲ್ಲರೂ ಕೈ ಎತ್ತಿ ತೀರ್ಮಾನಿಸಬೇಕು. ಟೀಚರಿಗೂ ಒಂದೇ ಕೈ, ಕಸ ಗುಡಿಸುವವರಿಗೂ ಒಂದೇ ಕೈ. ಕ್ರಿಸ್‌ಮಸ್ ರಜೆಗೆ ಮೊದಲಿನ ಕೊನೆಯ ಶುಕ್ರವಾರ ಅದಕ್ಕೆ ನಿಗದಿಯಾಯಿತು.

ಹೊರಗೆ ಬಂದ ಮೇಲೆ ನಾನು, "ಲೂಪೆ, ನನಗೆ ಈ ಕ್ಲಾಸ್ ಬೇಡ" ಎಂದೆ.

ಅವಳು ನನ್ನ ಕಡೆ ತಿರುಗಿ ನಿಂತಳು. "ನಿಜ ಹೇಳು. ಬೇಡವಾ?"

ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ ಬಾಯಿ ಬಿಟ್ಟರೆ ಅಳು ಬರುವಷ್ಟು. ಬೋರ್ಡಿನ ಮುಂದೆ ನಿಲ್ಲದೆ ನಾನು ಅರ್ಧ ಆಳಾಗಿಬಿಟ್ಟಿದ್ದೆ. ಆದರೆ ಇವಳ ಮನೆಯ ಔಷಧಿ ಕಿತ್ತುಕೊಂಡು ನಾನು ಅಲ್ಲಿ ಹೇಗೆ ನಿಲ್ಲಲಿ?

"ಈ ಮಕ್ಕಳಿಗೆ ಟೀಚರ್ ಬೇಕು. ನೀನು ಬೇಡ ಅಂದರೆ ನಾನು ನಿನ್ನ ಜೊತೆ ಮಾತು ಬಿಡುತ್ತೇನೆ," ಎಂದಳು ಲೂಪೆ. ಹೇಳಿ, ಊಟದ ಬೆಲ್ಲಾಯಿತೆಂದು ಓಡಿದಳು.

ಆ ಊಟವೇ ನಮ್ಮ ಶಾಲೆಯ ದೊಡ್ಡ ತಲೆನೋವು. ಹಳೇ ಪಾರ್ಕಿಂಗ್ ಜಾಗದಲ್ಲಿ ಚಪ್ಪರದಂಥದ್ದು ಹಾಕಿ, ಉದ್ದನೆಯ ಮೇಜುಗಳನ್ನು ಇಟ್ಟಿದ್ದರು. ಒಂದು ಕಂಪನಿಯಿಂದ ಬಿಸಿ ಡಬ್ಬಗಳಲ್ಲಿ ಊಟ ಬರುತ್ತಿತ್ತು, ಜೊತೆಗೆ ಬಡಿಸಲು ಇಬ್ಬರು ಕೂಲಿಯವರು. ಮಕ್ಕಳು ಟ್ರೇ ಹಿಡಿದು ಒಂದು ಕಿಟಕಿಯ ಮುಂದೆ ಕ್ಯೂ ನಿಲ್ಲಬೇಕು. ಕೊನೆಯ ಮಗುವಿಗೆ ಊಟ ಸಿಗುವಾಗ ಮೊದಲನೆಯದು ಉಂಡು, ಓಡಿ, ಬಿದ್ದು, ಅತ್ತು ಮುಗಿಸಿರುತ್ತಿತ್ತು. ಕ್ಯೂ ಕಾಯಲು ಇಬ್ಬರು, ಓಡುವವರನ್ನು ಹಿಡಿಯಲು ಇಬ್ಬರು. ಎಲ್ಲರ ಶಕ್ತಿಯೂ ಅಲ್ಲೇ ಸುರಿದು ಹೋಗುತ್ತಿತ್ತು.

ನಮ್ಮ ಅತ್ತೆ ಆಗ ಊರಿಂದ ಬಂದು ನಮ್ಮ ಮನೆಯಲ್ಲಿದ್ದರು. ಉಡುಪಿ ಕಡೆಯ ಮದುವೆ, ಮುಂಜಿಗಳಲ್ಲಿ ಸೆರಗು ಸಿಕ್ಕಿಸಿಕೊಂಡು ಬಡಿಸುವುದೆಂದರೆ ಅವರಿಗೆ ಪ್ರಾಣ. ಆ ವಾರ ಸ್ವಾತಿಯನ್ನು ಕರೆದುಕೊಂಡು ಹೋಗಲು ಬಂದವರು ತುಂಬಾ ಬೇಗ ಬಂದು ಊಟದ ಗಲಾಟೆ ನೋಡಿದರು.

"ಇದೆಂತ ಮಾರಾಯ್ತಿ, ಉಣ್ಣುವ ಮಕ್ಕಳು ನಡೀಬೇಕು, ಬಡಿಸುವವರು ನಿಂತ್ಕೊಳ್ಳುದಾ? ಉಲ್ಟಾ ಅಲ್ವಾ ಇದು?"

ನಾನು ನಗುತ್ತಾ ಹೌದೆಂದೆ. ನಕ್ಕು ಮುಗಿಸುವಷ್ಟರಲ್ಲಿ ತಲೆಯಲ್ಲಿ ಏನೋ ಥಟ್ಟನೆ ಹೊತ್ತಿಕೊಂಡಿತು. ಪಂಕ್ತಿ! ಮಕ್ಕಳು ಸಾಲಾಗಿ ಕೂರಲಿ, ನಾವು ಪಾತ್ರೆ ಹಿಡಿದು ಸಾಲಿನಲ್ಲಿ ನಡೆಯೋಣ. ಒಬ್ಬೊಬ್ಬರು ಒಂದೊಂದೇ ಪದಾರ್ಥ. ಎಲ್ಲರ ಊಟ ಮುಗಿಯುವ ತನಕ ಯಾರೂ ಏಳುವ ಹಾಗಿಲ್ಲ. ಅಜ್ಜ ಅಜ್ಜಿಯರು ಬಂದು ಬಡಿಸಿದರೆ ಕಂಪನಿಯ ಇಬ್ಬರು ಬೇಡ. ಅವರು ಬೇಡವಾದರೆ ಅದಕ್ಕೆ ಹೋಗುತ್ತಿದ್ದ ದುಡ್ಡಿನಲ್ಲಿ ಲೂಪೆ ಉಳಿಯುತ್ತಾಳೆ!

ಚಪ್ಪಲಿ ಜಾರುತ್ತಿದ್ದರೂ ಜೋನ್ ಹತ್ತಿರ ಓಡಿದೆ. ಅವರು ಕೇಳಿ, ಕಣ್ಣು ಕಿರಿದು ಮಾಡಿ, "ನೂರಿಪ್ಪತ್ತು ಮಕ್ಕಳನ್ನು ಕೂರಿಸಿ ಬಡಿಸುವುದಾ? ಹೋಟೆಲಿನ ಹಾಗಾ?" ಎಂದರು.

"ಹೋಟೆಲ್ ಅಲ್ಲ, ದೇವಸ್ಥಾನದ ಹಾಗೆ. ನಮ್ಮಲ್ಲಿ ಒಂದೇ ಸಲಕ್ಕೆ ಇದರ ಹತ್ತರಷ್ಟು ಜನ ಕೂರುತ್ತಾರೆ."

"ಮೀಟಿಂಗಿಗೆ ಮೊದಲು ಎರಡು ದಿನ ಮಾಡಿ ತೋರಿಸಿ," ಎಂದರು ಜೋನ್. "ಅರ್ಧ ಗಂಟೆಯಲ್ಲಿ ಎಲ್ಲ ಮಕ್ಕಳ ಊಟ ಆಗಬೇಕು. ಒಂದು ಮಗುವೂ ಹಸಿದು ಏಳಬಾರದು."

ಶಾಲೆಗೆ ಬಂದು ಕೆಲಸ ಮಾಡುವವರಿಗೆಲ್ಲ ಟಿಬಿ ಪರೀಕ್ಷೆ ಆಗಬೇಕು. ಅತ್ತೆಯ ಕೈಗೆ ಸೂಜಿ ಚುಚ್ಚಿದರು, ಎರಡು ದಿನಕ್ಕೆ ಅದು ಇಡ್ಲಿಯಷ್ಟು ಊದಿಕೊಂಡಿತು. ಅವರಿಗೆ ದೊಡ್ಡವರಾದ ಮೇಲೆ ಊರಲ್ಲಿ ಬಿಸಿಜಿ ಹಾಕಿಸಿದ್ದರಿಂದ ಹೀಗೆ ಎಂದು ನಾನು ಬಡಬಡಿಸಿದೆ. ನರ್ಸ್ ಕೇಳಲಿಲ್ಲ, ಎದೆಯ ಎಕ್ಸ್‌ರೇ ಬೇಕೆಂದಳು. ಎಕ್ಸ್‌ರೇ ಚೆನ್ನಾಗಿ ಬಂತು. ಅತ್ತೆ ಅದನ್ನು ಕಿಟಕಿಗೆ ಹಿಡಿದು, "ನನ್ನ ಶ್ವಾಸಕೋಶ ಫಸ್ಟ್ ಕ್ಲಾಸ್ ಉಂಟಂತೆ" ಎಂದು ಬಂದವರಿಗೆಲ್ಲ ತೋರಿಸಿದರು.

ಮೊದಲ ದಿನ ಬುರಿಟೋ, ಅಂದರೆ ಬೀನ್ಸ್ ತುಂಬಿ ಸುತ್ತಿದ ಮೆಕ್ಸಿಕನ್ ರೊಟ್ಟಿ. ಅತ್ತೆ ಕಾಟನ್ ಸೀರೆಯ ಮೇಲೆ ಏಪ್ರನ್, ತಲೆಗೆ ಬಲೆ ಟೋಪಿ, ಕೈಗೆ ಗ್ಲೌಸ್. ಬುರಿಟೋ ತಟ್ಟೆ ಅವರ ಕೈಗೇ ಕೊಟ್ಟಿದ್ದೆ. ಆರಂಭ ಎಷ್ಟು ಚೆಂದ! ಮಕ್ಕಳು ಬಾಯಿ ಬಿಟ್ಟುಕೊಂಡು ಕೂತಿದ್ದವು. ಆದರೆ ಅತ್ತೆ ಮೊದಲ ಮೇಜಿನಿಂದ ಮುಂದಕ್ಕೇ ಹೋಗುತ್ತಿಲ್ಲ. ನೋಡಿದರೆ ಉಪಚಾರ ಶುರು ಮಾಡಿಬಿಟ್ಟಿದ್ದಾರೆ! "ಇನ್ನೊಂದು ಹಾಕ್ತೇನೆ ಮಗಾ, ನಾಚಿಕೆ ಬೇಡ" ಎಂದು ಕನ್ನಡದಲ್ಲೇ ಒತ್ತಾಯ. ಭಾಷೆ ತಿಳಿಯದ ಮಕ್ಕಳು ತಲೆ ಅಲ್ಲಾಡಿಸಿದವು, ಅತ್ತೆ ಅದನ್ನು ಹೂಂ ಎಂದೇ ತಿಳಿದರು. ತಲೆಗೊಂದೇ ಎಂದು ಎಣಿಸಿ ಬಂದ ಬುರಿಟೋಗಳು ಮೂರನೇ ಮೇಜಿಗೆ ಬರುವಾಗ ಖಾಲಿ. ಕೊನೆಯ ಮೇಜಿನ ಮಕ್ಕಳು ಖಾಲಿ ತಟ್ಟೆ ಮುಂದಿಟ್ಟುಕೊಂಡು ನಮ್ಮನ್ನು ನೋಡುತ್ತಿದ್ದವು.

ಸ್ವಾತಿ ನಾಚಿಕೆಯಿಂದ ಕೆಂಪಾಗಿ ಕೂಗಿದಳು, "ಅಜ್ಜಿ, ಯು ಕಾಂಟ್ ಫೋರ್ಸ್ ಪೀಪಲ್!"

ಜೋನ್ ತಮ್ಮ ಕಾರಿನಲ್ಲಿ ಹೋಗಿ ಪಿಜ್ಜಾ ತಂದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಲೂಪೆ ಮೇಜು ಒರೆಸುತ್ತಾ ನನ್ನ ಬೆನ್ನು ತಟ್ಟಿದಳು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮನೆಗೆ ಬಂದ ಮೇಲೆ ಅತ್ತೆಗೆ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಅವರಿಗೆ ಲೂಪೆಯ ಕಥೆ ಗೊತ್ತಿರಲಿಲ್ಲ.

"ಒಂದು ಹಾಕಿ ಮುಂದೆ ಹೋಗುದು ಅಂದ್ರೆ ಅದು ಬಡಿಸುದು ಅಲ್ಲ, ಎಸೆಯುದು," ಎಂದರು. ಮತ್ತೆ, "ಆ ಹುಡುಗಿಯ ಗಂಡನಿಗೆ ಹುಷಾರಿಲ್ವಾ?" ಎಂದು ಕೇಳಿದರು. ಹೌದೆಂದೆ. "ಹಾಗಾದ್ರೆ ಒಂದೊಂದೇ ಹಾಕುವ. ಉಪಚಾರಕ್ಕೆ ಬೇರೆ ಎಂತಾದ್ರೂ ಕೊಡು ನಂಗೆ. ಬಾಯಿ ಮುಚ್ಚಿಕೊಂಡು ಬಡಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."

ಯೋಚಿಸಿದಾಗ ದಾರಿ ಸಿಕ್ಕಿತು. ದಿನವೂ ಬಕೆಟ್‌ಗಟ್ಟಲೆ ಕಸಕ್ಕೆ ಹೋಗುತ್ತಿದ್ದದ್ದು ಕ್ಯಾರೆಟ್ಟು ಮತ್ತು ಕಿತ್ತಳೆ. ಅವನ್ನು ಎಷ್ಟು ಬೇಕಾದರೂ ಒತ್ತಾಯ ಮಾಡಬಹುದು! ಅತ್ತೆಗೆ ಕ್ಯಾರೆಟ್ ಖಾತೆ ಕೊಟ್ಟೆ. ಎರಡನೇ ದಿನದ ಊಟ ಪಿಜ್ಜಾ, ಆ ತಟ್ಟೆ ಲೂಪೆಗೆ. ಹಾಲಿಗೆ ಒಬ್ಬ ಫಿಲಿಪಿನೋ ಅಜ್ಜ, ನಾಲ್ಕನೇ ಕ್ಲಾಸಿನ ಹುಡುಗನ ತಾತ. ಒಬ್ಬರು ಕಡಿಮೆ ಬಿದ್ದರು. ಅತ್ತೆಯ ಜೊತೆಗೇ ಟಿಬಿ ಪರೀಕ್ಷೆ ಮಾಡಿಸಿಕೊಂಡಿದ್ದ ಗಣೇಶ್ ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಟೈ ಬಿಚ್ಚಿ ಜೇಬಿಗೆ ತುರುಕಿಕೊಂಡು, ಏಪ್ರನ್ನನ್ನು ಪಂಚೆಯ ಹಾಗೆ ಸೊಂಟಕ್ಕೆ ಬಿಗಿದು ಬಂದರು.

ಅವತ್ತು ಮತ್ತೆ ಆ ಬಿಸಿಗಾಳಿ. ಡಿಸೆಂಬರಿನಲ್ಲೂ ಬೆವರು, ಪೇಪರ್ ನ್ಯಾಪ್‌ಕಿನ್‌ಗಳು ಪಾರಿವಾಳಗಳಂತೆ ಹಾರುತ್ತಿದ್ದವು. ಮಕ್ಕಳು ಕೂತರು. ನಾನು ಕೈ ತಟ್ಟಿದೆ. ಗಣೇಶ್ ತಟ್ಟೆ ಹಾಕುತ್ತಾ ಮುಂದೆ, ಅವರ ಹಿಂದೆ ಲೂಪೆ, ಅವಳ ಹಿಂದೆ ಹಾಲಿನ ಅಜ್ಜ, ಎಲ್ಲರ ಹಿಂದೆ ಸೀರೆ ಸೆರಗು ಬಿಗಿದ ಅತ್ತೆ. ಒಂದು ಮೇಜು ಮುಗಿಯಿತು. ಎರಡು. ಮೂರು. ಕೊನೆಯ ಮೇಜಿನ ಕೊನೆಯ ಮಗುವಿನ ತಟ್ಟೆಗೆ ಪಿಜ್ಜಾ ಬಿದ್ದಾಗ ಮೊದಲ ಮೇಜಿನಲ್ಲಿ ಮಕ್ಕಳು ಇನ್ನೂ ಎರಡನೇ ತುತ್ತಿನಲ್ಲಿದ್ದರು. ಲೂಪೆ ಅಲ್ಲಿಂದಲೇ ಎರಡೂ ಕೈ ಮೇಲೆತ್ತಿದಳು.

ಆಮೇಲೆ ಅತ್ತೆಯ ಎರಡನೇ ಸುತ್ತು. "ಕ್ಯಾರೆಟ್ ತಿಂದ್ರೆ ಕಣ್ಣಿಗೆ ಒಳ್ಳೇದು, ಹಾಕ್ಲಾ, ಹಾಕ್ಲಾ?" ಎಂದು ಬಾಗಿ ಬಾಗಿ ಕೇಳುತ್ತಾ ಹೊರಟರು. ಅಡ್ಡ ತಲೆ ಅಲ್ಲಾಡಿಸಿದವರಿಗೆ ಎರಡು, ಉದ್ದ ಅಲ್ಲಾಡಿಸಿದವರಿಗೆ ನಾಲ್ಕು. ಮಕ್ಕಳು ನಗುತ್ತಾ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುವುದನ್ನು ಕಲಿತವು, ಅತ್ತೆ ಬೆರಳ ಸಂದಿಯಿಂದ ಹಾಕುವುದನ್ನು ಬಿಡಲಿಲ್ಲ. ಎಲ್ಲರೂ ಮುಗಿಸುವ ತನಕ ಏಳಬಾರದೆಂಬ ನಿಯಮವನ್ನು ಮಕ್ಕಳೇ ಪೊಲೀಸರಂತೆ ಕಾದವು. ನಿಧಾನವಾಗಿ ತಿನ್ನುವ ಒಬ್ಬಳಿಗೆ ಇಡೀ ಮೇಜು "ತಿನ್ನು, ತಿನ್ನು" ಎಂದು ಕೈ ತಟ್ಟಿ ಹುರಿದುಂಬಿಸಿತು. ಬೆಲ್ಲಿಗೆ ಇನ್ನೂ ಹೊತ್ತಿತ್ತು.

ಜೋನ್ ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ತಮ್ಮ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ನಾನು ಹತ್ತಿರ ಹೋದಾಗ ಅವರ ಕಣ್ಣು ತುಂಬಿತ್ತು.

"ಈ ಶಾಲೆ ತೆರೆದಾಗಿನಿಂದ ನಾನು ಕೂತು ಊಟ ಮಾಡಿದ್ದು ಇವತ್ತೇ," ಎಂದರು.

ಆ ಮಧ್ಯಾಹ್ನವೇ ಊಟದ ಕಂಪನಿಗೆ ಫೋನ್ ಮಾಡಿ, ಊಟ ಮಾತ್ರ ಕಳಿಸಿ, ಜನ ಬೇಡ ಎಂದರು. ಕಂಪನಿಯವರಿಗೂ ಆಗ ಜನರ ಬರ, ಆ ಇಬ್ಬರನ್ನು ಬೇರೆ ಶಾಲೆಗೆ ಕಳಿಸಲು ಅವರು ಕಾಯುತ್ತಿದ್ದರಂತೆ. ಶುಕ್ರವಾರದ ಮೀಟಿಂಗಿನಲ್ಲಿ ಜೋನ್ ಎದ್ದು ನಿಂತು, ಒಂದನೇ ಕ್ಲಾಸಿಗೆ ಹೊಸ ಟೀಚರ್ ಆಗಿ ನನ್ನನ್ನು, ಪೂರ್ತಿ ದಿನದ ಏಡ್ ಆಗಿ ಲೂಪೆಯನ್ನು ಇಟ್ಟುಕೊಳ್ಳಲು ಯಾರೆಲ್ಲ ಒಪ್ಪುತ್ತೀರಿ ಎಂದರು. ಕೈಗಳೆಲ್ಲ ಮೇಲೆ ಹೋದವು. ನಾನು ಮಾತ್ರ ಎತ್ತಲಿಲ್ಲ, ಏಕೆಂದರೆ ನನ್ನ ಎರಡೂ ಕೈಗಳನ್ನು ಲೂಪೆ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಜನವರಿಯ ಮೊದಲ ಸೋಮವಾರ ಸಮುದ್ರದ ಕಡೆಯಿಂದ ಮಂಜು ಹತ್ತಿ ಬಂದಿತ್ತು. ಹೊಸ ಕ್ಲಾಸು, ಪುಸ್ತಕದ ಕಪಾಟುಗಳ ಗೋಡೆ, ಇಪ್ಪತ್ತು ಪುಟ್ಟ ಕುರ್ಚಿಗಳು. ಹಾಜರಿ ಕೂಗಿದೆ. ಓದುವ ಹೊತ್ತಿಗೆ ಅರ್ಧ ಮಕ್ಕಳು ನನ್ನ ಮೇಜಿಗೆ, ಅರ್ಧ ಮಕ್ಕಳು ಲೂಪೆಯ ಮೇಜಿಗೆ. ಮಾರಿಸೆಲ್ ಎಂಬ ಹುಡುಗಿ ನನ್ನ ಪಕ್ಕ ಕೂತಿದ್ದಳು. ಅವಳು ಕಪ್ಪೆಯ ಕಥೆಯ ತನ್ನ ಪುಟವನ್ನು ಪಿಸುಗುಡುತ್ತಾ ಓದಿ ಮುಗಿಸಿದಳು, ಮುಂದಿನವರು ಓದಿದರು, ಅವರ ಮುಂದಿನವರೂ ಓದಿದರು. ಹಾಗೇ ಸುತ್ತು ಮುಗಿಯಿತು. ನಾನು ಮತ್ತೆ ಅವಳ ಪುಸ್ತಕದ ಮೇಲೆ ಬೆರಳಿಟ್ಟೆ.

ಅವಳು ಪುಸ್ತಕವನ್ನು ಎದೆಗೊತ್ತಿಕೊಂಡು, ಆ ಕಡೆ ಈ ಕಡೆ ನೋಡಿ, ಅನುಮಾನದಿಂದ ಕೇಳಿದಳು.

"ಮಿಸೆಸ್ ಭಟ್, ನಾನು ಇವತ್ತು ಓದಿ ಆಯಿತಲ್ಲ. ಮತ್ತೆ ನನ್ನದೇ ಸರದಿಯಾ?"

ಆಚೆ ಮೇಜಿನಿಂದ ಲೂಪೆ ತಲೆಯೆತ್ತಿ ನನ್ನನ್ನು ನೋಡಿದಳು.

"ಹೌದು ಪುಟ್ಟಾ, ಮತ್ತೆ ನಿನ್ನದೇ," ಎಂದೆ.

ಮಾರಿಸೆಲ್ ಪುಸ್ತಕ ಬಿಡಿಸಿದಳು. ಈ ಸಲ ಅವಳು ಜೋರಾಗಿ ಓದಿದಳು.